ಕಾಡಾದ ಹಡಗು

ನೆದರ್ಲೆಂಡ್ಸ್ ದೇಶದ ಭೂಪಟವನ್ನು ಹರಡಿಕೊಂಡು ನೋಡಿದರೆ, ಅದರ ವಾಯವ್ಯ ದಿಕ್ಕಿನಲ್ಲಿ ಉತ್ತರ ಸಮುದ್ರದೊಳಕ್ಕೆ ಚಾಚಿಕೊಂಡ ನೆಲದ ತುದಿಯೊಂದು ಕಾಣುತ್ತದೆ. ಆ ತುದಿಯಲ್ಲಿರುವ ಊರೇ ಡೆನ್ ಹೆಲ್ಡರ್. ಆಮ್‌ಸ್ಟರ್‌ಡಾಂ ನಗರದಿಂದ ಉತ್ತರಕ್ಕೆ ಹೊರಟ ರೈಲು ಹುಲ್ಲುಗಾವಲುಗಳನ್ನೂ ಕಾಲುವೆಗಳನ್ನೂ ದಾಟಿ, ಒಂದು ಗಂಟೆಗೆ ಸ್ವಲ್ಪ ಮೀರಿದ ಪಯಣದ ಅನಂತರ ಇಲ್ಲಿ ಬಂದು ನಿಲ್ಲುತ್ತದೆ. ಮುಂದೆ ಹಳಿಯಿಲ್ಲ, ಇರುವುದೆಲ್ಲ ನೀರು. ಎದುರಿಗೆ ಟೆಸ್ಸೆಲ್ ದ್ವೀಪ. ನಡುವಣ ಜಲಸಂಧಿಯನ್ನು ದಾಟಲು ದೋಣಿಗೆ ಇಪ್ಪತ್ತು ನಿಮಿಷ ಸಾಕು. ಬೇಸಗೆಯಲ್ಲಿಯೂ ಇಲ್ಲಿಯ ಗಾಳಿ ಸುಮ್ಮನಿರುವುದಿಲ್ಲ. ಬಂದವರ ಟೋಪಿಯ ಮೇಲೆ ಅದಕ್ಕೆ ಮೊದಲ ಕಣ್ಣು.

ಈ ಊರು ಹುಟ್ಟಿದಾಗಿನಿಂದ ಕಡಲಿನ ಊರು; ಎರಡು ಶತಮಾನಗಳಿಂದ ನೌಕಾಪಡೆಯ ಊರು. 1795ರ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಡಚ್ಚರ ಯುದ್ಧನೌಕೆಗಳು ಕದಲಲಾರದೆ ನಿಂತಿದ್ದಾಗ, ಫ್ರೆಂಚರ ಕುದುರೆಯ ದಳ ಅವನ್ನು ವಶಪಡಿಸಿಕೊಂಡಿತು. ಹಡಗುಗಳ ಪಡೆಯೊಂದು ಕುದುರೆಗಳಿಗೆ ಸಿಕ್ಕಿಬಿದ್ದ ಈ ಪ್ರಸಂಗಕ್ಕೆ ಇತಿಹಾಸದಲ್ಲಿ ಜೊತೆ ಹುಡುಕುವುದು ಕಷ್ಟ. 1811ರಲ್ಲಿ ನೆಪೋಲಿಯನ್ ಇಲ್ಲಿಗೆ ಬಂದು ಊರಿನ ಸುತ್ತ ಕೋಟೆಗಳನ್ನು ಕಟ್ಟಿಸಲು ಆಜ್ಞೆ ಮಾಡಿದನು. 1824ರಲ್ಲಿ ಆಮ್‌ಸ್ಟರ್‌ಡಾಮಿನಿಂದ ಇಲ್ಲಿಯವರೆಗೆ ದೊಡ್ಡ ಕಾಲುವೆಯೊಂದು ತೆರೆಯಿತು. ವಿಲ್ಲೆಮ್ಸೋರ್ಡ್ ಎಂಬ ಹಳೆಯ ನೌಕಾ ಕಾರ್ಖಾನೆಯ ಕಟ್ಟಡಗಳೂ ಹಡಗುಕಟ್ಟೆಗಳೂ ಇಂದಿಗೂ ಗಟ್ಟಿಯಾಗಿ ನಿಂತಿವೆ. ಆದರೆ ಅಲ್ಲೀಗ ಸುತ್ತಿಗೆಯ ಸದ್ದಿಲ್ಲ. ಅದರ ಮಗ್ಗುಲಲ್ಲಿಯೇ ನೌಕಾಪಡೆಯ ವಸ್ತುಸಂಗ್ರಹಾಲಯವಿದೆ.

ಮಕ್ಕಳನ್ನು ಕೈಹಿಡಿದು ಬರುವ ಕುಟುಂಬಗಳು ಇಲ್ಲಿ ಮೊದಲು ಓಡುವುದು ಟೋನೈನ್ ಎಂಬ ಜಲಾಂತರ್ಗಾಮಿಯ ಕಡೆಗೆ. ನೀರಿನೊಳಗಿರಬೇಕಾದ ಆ ಉಕ್ಕಿನ ಮೀನನ್ನು ನೆಲದ ಮೇಲೆಯೇ ಎತ್ತಿ ನಿಲ್ಲಿಸಿದ್ದಾರೆ. 1868ರಲ್ಲಿ ಫ್ರಾನ್ಸಿನಲ್ಲಿ ಕಟ್ಟಲ್ಪಟ್ಟ, ಚೇಳಿನ ಹೆಸರಿನ ಮತ್ತೊಂದು ಕವಚನೌಕೆಯೂ ಅಲ್ಲಿದೆ. ಇವೆರಡರ ಎದುರಿಗೆ, ಬೂದುಬಣ್ಣದ ಒಂದು ಸಾಧಾರಣ ಹಡಗು ನೀರಿನ ಮೇಲೆ ನಿಂತಿರುತ್ತದೆ. ಉದ್ದ ಐವತ್ತಾರು ಮೀಟರು, ಅಗಲ ಎಂಟು ಮೀಟರಿಗೂ ಕಡಮೆ. ಅದರ ಕಥೆ ತಿಳಿಯದವರು ಒಂದು ನೋಟ ನೋಡಿ ಮುಂದೆ ಹೋಗುತ್ತಾರೆ. ಕಣ್ಣಿಗೆ ಬೀಳದೆ ಉಳಿಯುವ ಈ ಗುಣವೇ ಒಮ್ಮೆ ಅದರ ಪ್ರಾಣವನ್ನು ಕಾಪಾಡಿತ್ತು. ಅದರ ಹೆಸರು ಅಬ್ರಹಾಂ ಕ್ರೈನ್ಸನ್.

ಕಡಲನ್ನು ಗುಡಿಸುವ ಕೆಲಸ

1667ರಲ್ಲಿ ದಕ್ಷಿಣ ಅಮೆರಿಕದ ಸುರಿನಾಮ್ ಪ್ರಾಂತವನ್ನು ಇಂಗ್ಲಿಷರಿಂದ ಗೆದ್ದುಕೊಂಡ ಡಚ್ ನೌಕಾಧಿಪತಿಯ ಹೆಸರನ್ನು ಈ ಹಡಗಿಗೆ ಇಟ್ಟರು. ಸ್ಖೀಡಾಂ ಊರಿನ ಗುಸ್ಟೊ ಕಾರ್ಖಾನೆಯಲ್ಲಿ ಕಟ್ಟಿ, 1936ರ ಸೆಪ್ಟೆಂಬರಿನಲ್ಲಿ ನೀರಿಗಿಳಿಸಿ, 1937ರ ಮೇ ತಿಂಗಳಲ್ಲಿ ಸೇವೆಗೆ ಸೇರಿಸಿಕೊಂಡರು. ಇದೇ ಅಚ್ಚಿನ ಎಂಟು ಹಡಗುಗಳಲ್ಲಿ ಇದೂ ಒಂದು. ನಲವತ್ತೈದು ಮಂದಿ ನಾವಿಕರು, ಒಂದು ಮೂರಂಗುಲದ ತೋಪು, ವಿಮಾನಗಳನ್ನು ಎದುರಿಸಲು ಎರಡು ಸಣ್ಣ ತೋಪುಗಳು, ಹದಿನೈದು ನಾಟ್ ವೇಗ: ಇಷ್ಟೇ ಅದರ ಐಶ್ವರ್ಯ. ಕಾಳಗಕ್ಕೆಂದು ಹುಟ್ಟಿದ ಹಡಗು ಅದಲ್ಲ. ಅದರ ಕುಲವೃತ್ತಿ ಮೈನುಗಳನ್ನು ಗುಡಿಸುವುದು.

ಯುದ್ಧಕಾಲದಲ್ಲಿ ಶತ್ರುವಿನ ದಾರಿಗೆ ಅಡ್ಡಲಾಗಿ ಕಡಲಿನಲ್ಲಿ ಮೈನುಗಳನ್ನು ಬಿತ್ತುತ್ತಾರೆ. ಸಿಡಿಮದ್ದು ತುಂಬಿದ ಕಬ್ಬಿಣದ ಗುಂಡನ್ನು ತಳದ ಭಾರವಾದ ಗುಂಡಿಗೆ ತಂತಿಯಿಂದ ಬಿಗಿದಿರುತ್ತಾರೆ. ಅದು ಕಣ್ಣಿಗೆ ಕಾಣದಂತೆ ನೀರಿನ ಮಟ್ಟದ ಕೆಳಗೆ ತೇಲುತ್ತಿರುತ್ತದೆ. ಹಡಗಿನ ಒಡಲು ತಗಲಿದೊಡನೆ ಸಿಡಿಯುತ್ತದೆ. ಮೈನು ಗುಡಿಸುವ ಹಡಗು ತನ್ನ ಹಿಂದೆ ಉದ್ದನೆಯ ಉಕ್ಕಿನ ಹಗ್ಗವನ್ನು ಎಳೆದುಕೊಂಡು ಹೋಗುತ್ತದೆ. ಹಗ್ಗ ಪಕ್ಕಕ್ಕೆ ಅಗಲವಾಗಿ ಹರಡಿಕೊಳ್ಳುವಂತೆ ತೇಲುಗಳೂ ಹಲಗೆಗಳೂ ಇರುತ್ತವೆ, ನಡುನಡುವೆ ಕತ್ತರಿಗಳಿರುತ್ತವೆ. ಮೈನನ್ನು ಬಿಗಿದ ತಂತಿ ಕತ್ತರಿಗೆ ಸಿಕ್ಕಿ ತುಂಡಾಗಿ, ಗುಂಡು ಮೇಲಕ್ಕೆ ತೇಲಿಬರುತ್ತದೆ. ಆಗ ದೂರದಿಂದ ಬಂದೂಕು ಹಾರಿಸಿ ಅದನ್ನು ನಾಶಪಡಿಸುತ್ತಾರೆ. ರೈತ ಹೊಲದ ಕಳೆ ಕೀಳುವಂತೆ ಸಾಲುಸಾಲಾಗಿ, ತಾಳ್ಮೆಯಿಂದ ನಡೆಯಬೇಕಾದ ಕೆಲಸವಿದು. ಇತರರಿಗೆ ಸುಗಮವಾದ ದಾರಿಯನ್ನು ಮಾಡಿಕೊಡುವ ಈ ಹಡಗು ಮಾತ್ರ ಸುಗಮವಲ್ಲದ ದಾರಿಯಲ್ಲಿಯೇ ಸದಾ ಸಾಗಬೇಕು. ಕ್ರೈನ್ಸನ್ನಿನ ಸೋದರ ನೌಕೆಯಾದ ವಿಲ್ಲೆಮ್ ಫಾನ್ ಎವೈಕ್, ನೆದರ್ಲೆಂಡ್ಸ್ ಇನ್ನೂ ಯುದ್ಧಕ್ಕಿಳಿಯದೆ ತಟಸ್ಥವಾಗಿದ್ದ 1939ರ ಸೆಪ್ಟೆಂಬರಿನಲ್ಲಿಯೇ ಮೈನಿಗೆ ಸಿಕ್ಕಿ ಮುಳುಗಿಹೋಯಿತು.

ಮನೆಯಿಲ್ಲದ ಹಡಗು

ಕ್ರೈನ್ಸನ್ ಸೇರಿದಂತೆ ನಾಲ್ಕು ಸೋದರ ನೌಕೆಗಳನ್ನು ಅಂದಿನ ಡಚ್ ಈಸ್ಟ್ ಇಂಡೀಸಿಗೆ, ಎಂದರೆ ಇಂದಿನ ಇಂಡೊನೇಷ್ಯಕ್ಕೆ, ಕಳುಹಿಸಲಾಗಿತ್ತು. ಜಾವಾ ದ್ವೀಪದ ಸುರಬಾಯ ಅವುಗಳ ನೆಲೆ. 1940ರ ಮೇ ತಿಂಗಳಲ್ಲಿ ಜರ್ಮನಿಯು ನೆದರ್ಲೆಂಡ್ಸನ್ನು ಆಕ್ರಮಿಸಿತು. ರಾಣಿ ವಿಲ್ಹೆಲ್ಮಿನ ಲಂಡನ್ನಿಗೆ ಹೋಗಿ ನೆಲೆಸಬೇಕಾಯಿತು. ಆ ದಿನದಿಂದ ಈ ನಾವಿಕರಿಗೆ ತಾಯ್ನಾಡಿನ ಬಂದರು ಎಂಬುದೇ ಇಲ್ಲವಾಯಿತು. ಮನೆಯಿಂದ ಕಾಗದ ಬರುವಂತಿಲ್ಲ, ಮನೆಗೆ ಹೋಗುವಂತಿಲ್ಲ.

1942ರ ಆರಂಭದಲ್ಲಿ ಜಪಾನರ ಸೇನೆ ಜಾವಾದ ಬಾಗಿಲಿಗೆ ಬಂದಿತು. ಫೆಬ್ರವರಿ 27ರಂದು ಜಾವಾ ಸಮುದ್ರದಲ್ಲಿ ನಡೆದ ಕಾಳಗದಲ್ಲಿ ಡಚ್ ನೌಕಾಧಿಪತಿ ಕಾರೆಲ್ ಡೋರ್ಮನ್ ತನ್ನ ಹಡಗಿನೊಡನೆಯೇ ಮಡಿದನು. ಮರುರಾತ್ರಿ ಸುಂದಾ ಜಲಸಂಧಿಯಲ್ಲಿ ಆಸ್ಟ್ರೇಲಿಯದ ಪರ್ತ್, ಅಮೆರಿಕದ ಹ್ಯೂಸ್ಟನ್ ಎಂಬ ಎರಡು ದೊಡ್ಡ ನೌಕೆಗಳು ಹೋರಾಡುತ್ತಲೇ ನಾಶವಾದವು. ಉಳಿದ ಹಡಗುಗಳೆಲ್ಲ ಆಸ್ಟ್ರೇಲಿಯಕ್ಕೆ ತೆರಳಬೇಕೆಂದು ಆಜ್ಞೆಯಾಯಿತು. ಆಜ್ಞೆ ಹೊರಡಿಸುವುದು ಸುಲಭ. ಪಾಲಿಸುವ ಬಗೆ ಹೇಗೆ? ಸುರಬಾಯದಿಂದ ಆಸ್ಟ್ರೇಲಿಯದ ಫ್ರೀಮ್ಯಾಂಟಲ್ ಬಂದರು ಎರಡೂವರೆ ಸಾವಿರ ಕಿಲೋಮೀಟರಿಗೂ ದೂರ. ಕಡಲ ಮೇಲೆ ಜಪಾನರ ಹಡಗುಗಳು. ಆಕಾಶದಲ್ಲಿ ಅವರ ವಿಮಾನಗಳು. ಹದಿನೈದು ನಾಟ್ ವೇಗದ ಹಡಗು ಯಾರಿಂದ ತಪ್ಪಿಸಿಕೊಂಡೀತು?

ನಾಲ್ಕೂ ಸೋದರ ನೌಕೆಗಳು ಒಟ್ಟಾಗಿ ಹೊರಡಬೇಕೆಂಬುದು ಯೋಜನೆ. ಆದರೆ ಅದು ಕೈಗೂಡಲಿಲ್ಲ. ಪೀಟರ್ ಡ ಬಿಟ್ಟರ್, ಎಲಾಂಡ್ ಡ್ಯುಬೊಯಿ ಎಂಬ ಎರಡನ್ನು ಅವುಗಳ ನಾವಿಕರೇ ಶತ್ರುವಿನ ಕೈಗೆ ಸಿಕ್ಕದಿರಲೆಂದು ಮುಳುಗಿಸಿಬಿಟ್ಟರು. ಯಾನ್ ಫಾನ್ ಆಮ್‌ಸ್ಟೆಲ್ ಜಪಾನರ ವಿನಾಶಕ ನೌಕೆಯೊಂದಕ್ಕೆ ಎದುರಾಗಿ ಕೊನೆಗೊಂಡಿತು. ಅಬ್ರಹಾಂ ಕ್ರೈನ್ಸನ್ ಒಂಟಿಯಾಯಿತು.

ನಡೆಯುವ ದ್ವೀಪ

ಇಂಡೊನೇಷ್ಯದಲ್ಲಿ ಹದಿನೇಳು ಸಾವಿರಕ್ಕೂ ಮಿಕ್ಕ ದ್ವೀಪಗಳಿವೆ. ಅವುಗಳಲ್ಲಿ ಹಲವಕ್ಕೆ ಹೆಸರೂ ನೆಟ್ಟಗಿಲ್ಲ. ಒಂದಿಷ್ಟು ಬಂಡೆ, ಅದರ ಮೇಲೊಂದು ಹಸುರು ಪೊದೆ, ಅಷ್ಟೇ. ಇಷ್ಟು ದ್ವೀಪಗಳ ನಡುವೆ ಇನ್ನೊಂದು ಹೆಚ್ಚಾದರೆ ಯಾರಿಗೆ ತಿಳಿದೀತು? ಈ ಯೋಚನೆಯೇ ಕ್ರೈನ್ಸನ್ನಿನ ನಾವಿಕರನ್ನು ಬದುಕಿಸಿತು.

ಅವರು ದಡಕ್ಕಿಳಿದು ಮರಗಳನ್ನು ಕಡಿದರು. ಕೊಂಬೆರೆಂಬೆಗಳನ್ನು ಹೊತ್ತು ತಂದು ಹಡಗಿನ ತಳಿಮದ ಮೇಲೆ, ತೋಪಿನ ಮೇಲೆ, ಪಟಸ್ತಂಭದ ಸುತ್ತ ಕಟ್ಟಿ, ದಟ್ಟವಾದ ಹಸುರಿನ ಚಪ್ಪರವನ್ನು ಹರಡಿದರು. ಎಲೆಗಳಿಂದ ಮುಚ್ಚಲಾಗದೆ ಉಳಿದ ಕಬ್ಬಿಣದ ಭಾಗಗಳಿಗೆ ಬಂಡೆಯ ಬಣ್ಣ ಬಳಿದರು. ವಿರಾಟನ ಊರನ್ನು ಹೊಗುವ ಮುನ್ನ ಪಾಂಡವರು ತಮ್ಮ ಆಯುಧಗಳನ್ನು ಬನ್ನಿಯ ಮರದಲ್ಲಿ ಅಡಗಿಸಿಟ್ಟರಂತೆ. ಇಲ್ಲಿ ಆಯುಧವೂ ಮರವೂ ಅಡಗಿದವರೂ ಒಂದೇ ಕಡೆಯಲ್ಲಿದ್ದು, ಅಜ್ಞಾತವಾಸವೆಲ್ಲ ಆ ಐವತ್ತಾರು ಮೀಟರುಗಳೊಳಗೇ ಕಳೆಯಬೇಕಾಗಿತ್ತು.

ವೇಷ ತೊಟ್ಟರೆ ಸಾಲದು. ವೇಷಕ್ಕೆ ತಕ್ಕಂತೆ ನಡೆಯಲೂ ಬೇಕು. ದ್ವೀಪವು ಚಲಿಸುವುದಿಲ್ಲ. ಆದುದರಿಂದ ಹಗಲೆಲ್ಲ ಹಡಗು ದಡದ ಮಗ್ಗುಲಲ್ಲಿ ಲಂಗರು ಹಾಕಿ ನಿಶ್ಚಲವಾಗಿ ನಿಂತಿರುತ್ತಿತ್ತು. ಕತ್ತಲಾದ ಮೇಲೆ ಲಂಗರೆತ್ತಿ ಮುಂದಿನ ನೆಲೆಯನ್ನು ಹುಡುಕಿಕೊಂಡು ಸಾಗುತ್ತಿತ್ತು. ಬೆಳಕು ಹರಿಯುವ ಮೊದಲೇ ಮತ್ತೆ ದ್ವೀಪವಾಗುತ್ತಿತ್ತು. ಭೂಮಧ್ಯರೇಖೆಗೆ ಸಮೀಪದ ಬಿಸಿಲಿನಲ್ಲಿ, ಕಾದ ಕಬ್ಬಿಣದ ಮೇಲೆ, ಎಲೆಗಳ ಕೆಳಗೆ ಕುಳಿತು ಹಗಲು ಕಳೆಯುವುದೆಂದರೆ ಏನೆಂಬುದನ್ನು ಓದುಗರು ಊಹಿಸಿಕೊಳ್ಳಬಹುದು. ವಿಮಾನದ ಮೊರೆತ ಕೇಳಿಬಂದರೆ ಓಡುವಂತಿಲ್ಲ, ತೋಪು ಹಾರಿಸುವಂತಿಲ್ಲ, ಮರವಾಗಿಯೇ ಇರಬೇಕು. ಯೋಧನಿಗೆ ಹೋರಾಡುವುದನ್ನು ಕಲಿಸಿರುತ್ತಾರೆ. ಸುಮ್ಮನಿರುವುದನ್ನು ಅವನು ತಾನೇ ಕಲಿಯಬೇಕು. ಕಡಿದ ಕೊಂಬೆಯ ಎಲೆಯಾದರೂ ಎಷ್ಟು ದಿನ ಹಸುರಾಗಿದ್ದೀತು? ಬಾಡುವ ಮುನ್ನ ಬಯಲು ಕಡಲನ್ನು ಸೇರಬೇಕು.

ಮಾರ್ಚ್ ಎರಡನೆಯ ವಾರದಲ್ಲಿ ಜಾವಾ ಶರಣಾಯಿತು. ಮಾರ್ಚ್ 20ರಂದು ಅಬ್ರಹಾಂ ಕ್ರೈನ್ಸನ್ ಫ್ರೀಮ್ಯಾಂಟಲ್ ಬಂದರನ್ನು ಸೇರಿತು. ಜಾವಾದಿಂದ ತಪ್ಪಿಸಿಕೊಂಡು ಬಂದ ಹಡಗುಗಳಲ್ಲಿ ಅದೇ ಕಡೆಯದು. ಆ ನೀರಿನಲ್ಲಿದ್ದ ಅದರ ಸೋದರ ನೌಕೆಗಳಲ್ಲಿ ಉಳಿದದ್ದೂ ಅದೊಂದೇ. ಎಲೆ ಹೊದ್ದು ದಡಕ್ಕೆ ಒರಗಿ ನಿಂತ ಹಡಗಿನ ಛಾಯಾಚಿತ್ರ ಇಂದಿಗೂ ಉಳಿದಿದೆ. ಹಡಗೆಲ್ಲಿ ಮುಗಿಯಿತು, ಕಾಡೆಲ್ಲಿ ಮೊದಲಾಯಿತು ಎಂದು ಅದನ್ನು ನೋಡಿದವರು ಕಣ್ಣು ಕಿರಿದು ಮಾಡಿ ಹುಡುಕಬೇಕಾಗುತ್ತದೆ.

ರಾಣಿಯ ಚಿತ್ರಪಟ

1942ರ ಸೆಪ್ಟೆಂಬರಿನಲ್ಲಿ ಹಡಗು ಆಸ್ಟ್ರೇಲಿಯದ ನೌಕಾಪಡೆಗೆ ಸೇರಿತು. ನಾವಿಕರಲ್ಲಿ ಡಚ್ಚರೊಡನೆ ಆಸ್ಟ್ರೇಲಿಯದವರೂ, ಜ್ಯೂಪಿಟರ್ ಎಂಬ ಬ್ರಿಟಿಷ್ ನೌಕೆಯಲ್ಲಿ ಬದುಕುಳಿದವರೂ ಕೂಡಿಕೊಂಡರು. ಜಾವಾ ಸಮುದ್ರದ ಕಾಳಗದ ದಿನ ಜ್ಯೂಪಿಟರ್ ಮುಳುಗಿದ್ದು ಶತ್ರುವಿನ ಗುಂಡಿನಿಂದಲ್ಲ, ಮಿತ್ರರಾದ ಡಚ್ಚರೇ ಬಿತ್ತಿದ್ದ ಮೈನಿನಿಂದ. ಮೈನಿನಿಂದ ಹಡಗನ್ನು ಕಳೆದುಕೊಂಡವರು ಮೈನು ಗುಡಿಸುವ ಡಚ್ ಹಡಗಿನಲ್ಲಿಯೇ ಆಶ್ರಯ ಪಡೆದದ್ದು ಯುದ್ಧದ ವಿಚಿತ್ರಗಳಲ್ಲೊಂದು.

1943ರ ಜನವರಿ 26ರಂದು, ಬಾಸ್ ಜಲಸಂಧಿಯಲ್ಲಿ ಡಚ್ ಜಲಾಂತರ್ಗಾಮಿಯೊಂದಕ್ಕೆ ಬೆಂಗಾವಲಾಗಿ ಹೋಗುತ್ತಿದ್ದಾಗ, ನೀರಿನ ಕೆಳಗೆ ಶತ್ರುವಿನ ಸುಳಿವು ಕಂಡಂತಾಯಿತು. ಒಡನೆಯೇ ಸಿಡಿಗುಂಡುಗಳನ್ನು ನೀರಿಗೆ ಬಿಟ್ಟರು. ಆದರೆ ಹಡಗು ಬೇಕಾದಷ್ಟು ವೇಗ ಪಡೆಯುವ ಮೊದಲೇ ಎರಡು ಗುಂಡುಗಳು ಬಿದ್ದುಬಿಟ್ಟವು. ಸ್ಫೋಟದ ಪೆಟ್ಟು ಹಡಗಿಗೇ ತಗಲಿತು; ಉಪಕರಣಗಳು ಕೆಟ್ಟವು; ಅಧಿಕಾರಿಗಳ ಕೋಣೆಯ ಗೋಡೆಯ ಮೇಲಿದ್ದ ರಾಣಿ ವಿಲ್ಹೆಲ್ಮಿನಳ ಚಿತ್ರಪಟ ಕಳಚಿ ಬಿದ್ದಿತು. ಶತ್ರುವಿನ ಅವಶೇಷವೇನೂ ಸಿಕ್ಕಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಹಡಗು ಮರಳಿ ಡಚ್ ಬಾವುಟವನ್ನು ಏರಿಸಿತು. ಯುದ್ಧದ ಉಳಿದ ಕಾಲವನ್ನು ಹೆಚ್ಚಾಗಿ ಆಸ್ಟ್ರೇಲಿಯದ ನೀರಿನಲ್ಲಿಯೇ ಕಳೆಯಿತು.

ಮರ ಕೊಟ್ಟ ನೆಲ

ಕಥೆ ಇಲ್ಲಿಗೆ ಮುಗಿದಿದ್ದರೆ ಮಕ್ಕಳ ಪುಸ್ತಕಕ್ಕೆ ಒಪ್ಪುವಂತಿರುತ್ತಿತ್ತು. ಹಾಗೆ ಮುಗಿಯಲಿಲ್ಲ. 1945ರ ಆಗಸ್ಟ್ 17ರಂದು ಇಂಡೊನೇಷ್ಯದ ಜನ ತಮ್ಮ ಸ್ವಾತಂತ್ರ್ಯವನ್ನು ಸಾರಿದರು. ನಾಜಿಗಳ ಆಳ್ವಿಕೆಯಿಂದ ಆಗತಾನೆ ಬಿಡುಗಡೆ ಹೊಂದಿದ್ದ ನೆದರ್ಲೆಂಡ್ಸ್, ಇನ್ನೊಬ್ಬರ ಬಿಡುಗಡೆಯನ್ನು ಒಪ್ಪಲು ಸಿದ್ಧವಿರಲಿಲ್ಲ. ಹಳೆಯ ದ್ವೀಪಗಳ ನಡುವೆ ಅಬ್ರಹಾಂ ಕ್ರೈನ್ಸನ್ ಮತ್ತೆ ಕಾಣಿಸಿಕೊಂಡಿತು. ಈ ಸಲ ಎಲೆ ಹೊದ್ದು ಅಡಗಿಕೊಂಡಲ್ಲ, ಕ್ರಾಂತಿಯನ್ನು ತಡೆಯುವ ಕಾವಲಿನ ಹಡಗಾಗಿ. ಯಾವ ನೆಲದ ಮರಗಳು ಅದರ ತಲೆಯ ಮೇಲೆ ನೆರಳು ಹಿಡಿದಿದ್ದುವೋ ಆ ನೆಲದ ಜನರ ಕಡೆಗೇ ಅದರ ತೋಪು ತಿರುಗಿತು. ನಾಲ್ಕು ವರ್ಷಗಳ ಹೋರಾಟದ ಅನಂತರ, 1949ರ ಡಿಸೆಂಬರ್ 27ರಂದು ಡಚ್ಚರು ಅಧಿಕಾರವನ್ನು ಒಪ್ಪಿಸಬೇಕಾಯಿತು. ಆ ಯುದ್ಧದಲ್ಲಿ ತನ್ನವರು ನಡೆಸಿದ ಮಿತಿಮೀರಿದ ಹಿಂಸೆಗಾಗಿ ನೆದರ್ಲೆಂಡ್ಸಿನ ಪ್ರಧಾನಮಂತ್ರಿ ಕ್ಷಮೆ ಕೇಳಿದ್ದು 2022ರಲ್ಲಿ.

ಹಡಗಿಗೆ ಮನಸ್ಸಿಲ್ಲ. ನಡೆಸುವವರು ನಡೆಸಿದತ್ತ ಅದು ನಡೆಯುತ್ತದೆ. ಪ್ರಾಣಭಯದಿಂದ ಎಲೆಯ ಕೆಳಗೆ ಉಸಿರು ಬಿಗಿಹಿಡಿದು ಕುಳಿತ ನಾವಿಕರ ಧೈರ್ಯವನ್ನು ಮುಂದಿನ ವರ್ಷಗಳ ಅನ್ಯಾಯ ಅಳಿಸಲಾರದು. ಆ ಧೈರ್ಯವೂ ಈ ಅನ್ಯಾಯವನ್ನು ತೊಳೆಯಲಾರದು. ಎರಡೂ ಒಂದೇ ಹಡಗಿನ ಲೆಕ್ಕದಲ್ಲಿವೆ.

1951ರ ಆಗಸ್ಟಿನಲ್ಲಿ ಕ್ರೈನ್ಸನ್ ತಾಯ್ನಾಡಿಗೆ ಮರಳಿತು. 1956ರಲ್ಲಿ ಬಂದರಿನ ಬಾಯಿಗೆ ಕಟ್ಟುವ ತಡೆಬಲೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಅದನ್ನು ಮಾರ್ಪಡಿಸಿದರು. 1960ರಲ್ಲಿ ನೌಕಾಪಡೆಯ ಪಟ್ಟಿಯಿಂದ ಅದರ ಹೆಸರು ಹೋಯಿತು. ಗುಜರಿಗೆ ಹೋಗಬೇಕಾದ ವಯಸ್ಸಿನಲ್ಲಿ ಅದಕ್ಕೆ ಹುಡುಗರ ಸಹವಾಸ ದೊರೆಯಿತು: ನೌಕಾವಿದ್ಯೆ ಕಲಿಯುವ ಬಾಲಕರ ದಳಕ್ಕೆ ಅದನ್ನು ಕೊಟ್ಟರು. ಹೇಗ್ ನಗರದಲ್ಲಿ ಹತ್ತು ವರ್ಷ, ಆಮೇಲೆ ರಾಟರ್‌ಡಾಮಿನಲ್ಲಿ ಅದರ ವೃದ್ಧಾಪ್ಯ ಕಳೆಯಿತು. 1990ರ ದಶಕದಲ್ಲಿ ವಸ್ತುಸಂಗ್ರಹಾಲಯದವರು ಅದನ್ನು ಉಳಿಸಿಕೊಳ್ಳಲು ನಿಶ್ಚಯಿಸಿ, ಯುದ್ಧಕಾಲದ ರೂಪವನ್ನೇ ಮರಳಿ ತಂದು ಡೆನ್ ಹೆಲ್ಡರಿನಲ್ಲಿ ನಿಲ್ಲಿಸಿದರು.

ಸಂಜೆಯಾಗುತ್ತ ಬಂದಂತೆ ಜಲಾಂತರ್ಗಾಮಿಯ ಹೊಟ್ಟೆಯನ್ನು ಹೊಕ್ಕು ಹೊರಬಂದ ಮಕ್ಕಳು ದಣಿದು ಈ ಹಡಗಿನ ಹತ್ತಿರ ಬರುತ್ತಾರೆ. ಸುತ್ತಲೂ ಇಟ್ಟಿಗೆಯ ಕಟ್ಟಡಗಳು, ಬೂದುಬಣ್ಣದ ನೀರು, ಕಡಲಹಕ್ಕಿಗಳ ಕೂಗು. ಇಲ್ಲಿಯ ನೆಲದಲ್ಲಿ ಜಾವಾದ ಮರಗಳಾವುವೂ ಬೆಳೆಯುವುದಿಲ್ಲ. ಅಡಗಲು ಒಂದು ಎಲೆಯೂ ಇಲ್ಲದೆ, ಅಡಗಬೇಕಾದ ಅಗತ್ಯವೂ ಇಲ್ಲದೆ, ಅಬ್ರಹಾಂ ಕ್ರೈನ್ಸನ್ ಹಾಡುಹಗಲಿನಲ್ಲಿ ಎಲ್ಲರ ಕಣ್ಣೆದುರಿಗೆ ನಿಂತಿದೆ.