ಪರದೆ ಮೇಲೆ ನಮ್ಮೂರಿನ ಬಂಡೆ

ವರದಿಗೆಂದು ಹೋದಾಗ ನಾವು ನೂರು ಫೋಟೊ ತೆಗೆಯುತ್ತೇವೆ, ಬಳಕೆಯಾಗುವುದು ಒಂದೋ ಎರಡೋ. ಉಳಿದವು ಮೊಬೈಲಿನಿಂದ ಪೆನ್‌ಡ್ರೈವಿಗೆ, ಅಲ್ಲಿಂದ ಕಂಪ್ಯೂಟರಿನ ಯಾವುದೋ ಫೋಲ್ಡರಿಗೆ ಹೋಗಿ ಮಲಗಿಬಿಡುತ್ತವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಹೀಗೆ ತಾಲ್ಲೂಕಿಗೊಬ್ಬರಂತೆ ಇರುವ ನಾವು ನಾಲ್ವರು ಗೆಳೆಯರು ಆ ಫೋಟೊಗಳನ್ನೆಲ್ಲ ಒಟ್ಟುಮಾಡಿ, ಚನ್ನಪಟ್ಟಣದ ಕಡೆಯ ಗೆಳೆಯನ ಮನೆಯ ಹಳೇ ಕಂಪ್ಯೂಟರಿಗೆ ಸ್ಕ್ರೀನ್‌ಸೇವರ್ ಮಾಡಿ ಹಾಕಿದೆವು. ಆ ಕಂಪ್ಯೂಟರ್ ಇರುವುದು ನಡುಮನೆಯಲ್ಲಿ, ಟಿವಿ ಪಕ್ಕದಲ್ಲಿ. ಮನೆಗೆ ಬಂದವರೆಲ್ಲ ಕೂರುವುದು ಅದರ ಎದುರಿಗೇ.

ಹಳೇ ಡಬ್ಬದಂಥ ಮಾನಿಟರುಗಳ ಕಾಲದಲ್ಲಿ ಒಂದೇ ಚಿತ್ರ ತುಂಬಾ ಹೊತ್ತು ನಿಂತರೆ ಗಾಜಿನ ಒಳಗಿನ ಲೇಪ ಸವೆದು ಅದರ ನೆರಳು ಅಲ್ಲೇ ಉಳಿದುಬಿಡುತ್ತಿತ್ತು. ಅದನ್ನು ತಪ್ಪಿಸಲು ಬಂದದ್ದು ಸ್ಕ್ರೀನ್‌ಸೇವರ್. ಈಗಿನ ಚಪ್ಪಟೆ ಪರದೆಗೆ ಅದರ ಅಗತ್ಯವಿಲ್ಲ. ಕರೆಂಟೂ ಉಳಿಯುವುದಿಲ್ಲ, ಉಳಿಸಬೇಕೆಂದರೆ ಪರದೆ ಆರಿಸುವುದೇ ಸರಿ. ಹಾಗಾಗಿ ನಾವು ಮಾಡಿದ್ದು ಬರೀ ನೋಡುವ ಆಸೆಗೆ.

ಆ ಆಸೆ ಹಳೆಯದು. ಸೈಬರ್ ಸೆಂಟರಿನಲ್ಲಿ ವಿಂಡೋಸ್ ಎಕ್ಸ್‌ಪಿ ನೋಡಿದವರಿಗೆಲ್ಲ ಆ ಹಸಿರು ಗುಡ್ಡ, ನೀಲಿ ಆಕಾಶದ ವಾಲ್‌ಪೇಪರ್ ಗೊತ್ತು. ಅದು ಚಾರ್ಲ್ಸ್ ಓರಿಯರ್ ಎಂಬುವರು 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ ಫೋಟೊ. ಬಾಗಿಲು ತೆಗೆದರೆ ಸಾವನದುರ್ಗ ಕಾಣುವ ಮಾಗಡಿಯ ಮನೆಗಳಲ್ಲೂ ಪರದೆಯ ಮೇಲೆ ಇರುತ್ತಿದ್ದದ್ದು ಆ ಗುಡ್ಡವೇ.

ಕೆಲಸ ಕಷ್ಟದ್ದಲ್ಲ. ಆರಿಸಿದ ಫೋಟೊಗಳನ್ನು ಒಂದೇ ಫೋಲ್ಡರಿಗೆ ಹಾಕಿ. ವಿಂಡೋಸ್ 10ರಲ್ಲಿ ಡೆಸ್ಕ್‌ಟಾಪ್ ಮೇಲೆ ಬಲಗಡೆಯ ಬಟನ್ ಒತ್ತಿ ಪರ್ಸನಲೈಸ್, ಅದರೊಳಗೆ ಲಾಕ್ ಸ್ಕ್ರೀನ್, ಅದರ ಕೆಳಗೆ ಸ್ಕ್ರೀನ್ ಸೇವರ್ ಸೆಟ್ಟಿಂಗ್ಸ್. ಪಟ್ಟಿಯಲ್ಲಿ ‘ಫೋಟೋಸ್’ ಆರಿಸಿ, ಪಕ್ಕದ ಸೆಟ್ಟಿಂಗ್ಸ್ ಒತ್ತಿ ಫೋಲ್ಡರ್ ತೋರಿಸಿ. ವೇಗ ‘ಸ್ಲೋ’ ಇರಲಿ, ವಯಸ್ಸಾದವರಿಗೆ ನೋಡಲು ಹೊತ್ತು ಬೇಕು. ಕಾಯುವ ಹೊತ್ತು ಐದು ನಿಮಿಷ ಇಟ್ಟರೆ, ಪರದೆ ಆರುವ ಹೊತ್ತು ಅದಕ್ಕಿಂತ ಹೆಚ್ಚಿರಬೇಕು. ಇಲ್ಲದಿದ್ದರೆ ಫೋಟೊ ಶುರುವಾಗುವ ಮೊದಲೇ ಪರದೆ ಕಪ್ಪಾಗುತ್ತದೆ. ಮೊಬೈಲನ್ನು ನಿಲ್ಲಿಸಿ ತೆಗೆದ ಫೋಟೊಗಳ ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ, ಅಡ್ಡ ತೆಗೆದವೇ ಚೆಂದ.

ಯಾವುದು ಇರಬೇಕು ಅನ್ನುವುದರಲ್ಲೇ ಒಂದು ಮಧ್ಯಾಹ್ನ ಹೋಯಿತು. ಮೇಕೆದಾಟು, ಸಂಗಮ ಬೇಕೇ ಬೇಕು ಎಂದು ಕನಕಪುರದವನ ಹಟ. ‘ಶೋಲೆ’ ಚಿತ್ರೀಕರಣವಾದ ಜಾಗದ ಫೋಟೊ ಬೇಡ ಎಂದು ರಾಮನಗರದವಳೇ ಹೇಳಿದಳು. 1975ರಿಂದ ಇಲ್ಲಿಗೆ ಬಂದವರೆಲ್ಲ ಅದನ್ನೇ ಕೇಳುತ್ತಾರಂತೆ, ಮನೆಯ ಪರದೆಯಲ್ಲೂ ಅದೇ ಯಾಕೆ? ಚನ್ನಪಟ್ಟಣದ್ದು ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿದ ಕೈ. ಜಗಮಗ ಬೊಂಬೆ ಅಂಗಡಿಗಿಂತ ನಮಗೆ ಇದು ಮೆಚ್ಚಿಗೆಯಾಯಿತು.

ಸಂಜೆ ಗೆಳೆಯನ ಅವ್ವ ಕಾಫಿ ತಂದಿಟ್ಟು, ಲೋಟ ವಾಪಸ್ ತೆಗೆದುಕೊಂಡು ಹೋಗುವುದನ್ನೇ ಮರೆತು ನಿಂತರು. ಪರದೆಯಲ್ಲಿ ಹಣ್ಣಾದ ರೇಷ್ಮೆ ಹುಳ ಬಿಟ್ಟ ಚಂದ್ರಿಕೆ.

“ಯಾರ ಮನೇದ್ಲಾ ಇದು? ಇಷ್ಟು ಒತ್ತಾಗಿ ಬಿಡ್ತಾರಾ? ಎರಡು ಹುಳ ಸೇರಿ ಒಂದೇ ಗೂಡು ಕಟ್ತವೆ. ಮಾರ್ಕೆಟ್ನಲ್ಲಿ ಅದನ್ನ ಯಾರು ಕೇಳ್ತಾರೆ?”

ರಾಮನಗರದ ಗೂಡಿನ ಮಾರುಕಟ್ಟೆ ಬಗ್ಗೆ ನಾವು ಧಾರಣೆ, ಹರಾಜು, ತೂಕ ಎಂದೆಲ್ಲ ಬರೆದಿದ್ದೇವೆ. ಜೋಡಿಗೂಡಿನ ಎಳೆ ಸರಿಯಾಗಿ ಬಿಚ್ಚುವುದಿಲ್ಲ, ಅದಕ್ಕೇ ಬೆಲೆ ಬೀಳುತ್ತದೆ ಎಂಬುದು ಮಾತ್ರ ನಮ್ಮ ವರದಿಯಲ್ಲಿರಲಿಲ್ಲ. ಆ ವರದಿಯನ್ನು ಅವ್ವ ಓದಿಯೂ ಇರಲಿಲ್ಲ.

ಅಪ್ಪಾಜಿಯನ್ನು ನಿಲ್ಲಿಸಿದ್ದು ಬಂಡೆ. ರಾಮದೇವರ ಬೆಟ್ಟದ ಬಂಡೆಯ ಮೇಲೆ ಸುಣ್ಣ ಚೆಲ್ಲಿದಂಥ ಬಿಳಿ ಗೆರೆ, ರಣಹದ್ದುಗಳು ಕೂತ ಗುರುತು. ಫೋಟೊದಲ್ಲಿ ಹಕ್ಕಿ ಒಂದೂ ಇಲ್ಲ. “ಮುಂಚೆ ದನ ಸತ್ರೆ ಊರಾಚೆ ಹಾಕಿ ಬರ್ತಿದ್ವಿ. ಹೊತ್ತು ಮುಳುಗೋದ್ರೊಳಗೆ ಬರೀ ಮೂಳೆ” ಎಂದರು. ದನಕ್ಕೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ ಉಳಿದ ಮಾಂಸ ತಿಂದು ಹದ್ದುಗಳ ಮೂತ್ರಪಿಂಡ ಕೆಟ್ಟದ್ದು, 2006ರಲ್ಲಿ ಅದನ್ನು ದನಗಳಿಗೆ ಕೊಡುವುದು ನಿಷೇಧವಾದದ್ದು, 2012ರಲ್ಲಿ ಬೆಟ್ಟ ರಣಹದ್ದು ಧಾಮವಾದದ್ದು ನಮಗೆ ಗೊತ್ತಿತ್ತು, ಹೇಳಿದೆವು. ಅವರು ಕೇಳಿಸಿಕೊಂಡು, “ಆ ಇಂಜೆಕ್ಷನ್ ನಮ್ಮ ಹಸೀಗೂ ಕೊಡ್ಸಿದ್ದೆ” ಎಂದರು. ಆಮೇಲೆ ಆ ಫೋಟೊ ಮತ್ತೆ ಬರುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ.

ಫೋಲ್ಡರಿಗೆ ಹೆಸರೇನು ಎಂಬ ತಗಾದೆಯೂ ಬಂತು. ‘ರಾಮನಗರ ಜಿಲ್ಲೆ’ ಎಂದು ಬರೆದಿದ್ದೆವು. 2025ರ ಮೇನಲ್ಲಿ ಸಚಿವ ಸಂಪುಟ ‘ಬೆಂಗಳೂರು ದಕ್ಷಿಣ’ ಎಂದು ತೀರ್ಮಾನಿಸಿತಲ್ಲ, ಬದಲಿಸೋಣವೇ ಎಂದ ಒಬ್ಬ. ಅಪ್ಪಾಜಿ ನಕ್ಕರು. ಹುಟ್ಟಿದಾಗ ಬೆಂಗಳೂರು ಜಿಲ್ಲೆ, 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, ಈಗ ಇದು. ಅವರು ಮಾತ್ರ ಅದೇ ಜಗಲಿಯಲ್ಲೇ ಇದ್ದಾರೆ. ಫೋಲ್ಡರಿಗೆ ‘ನಮ್ಮೂರು’ ಎಂದು ಹೆಸರಿಟ್ಟೆವು. ಕನ್ನಡ ಅಕ್ಷರದಲ್ಲೇ ಟೈಪ್ ಮಾಡಿದರೂ ಕಂಪ್ಯೂಟರ್ ತಕರಾರು ಮಾಡಲಿಲ್ಲ.

ಈಗ ಅವ್ವನ ಬೇಡಿಕೆಯ ಪಟ್ಟಿ ಬೆಳೆಯುತ್ತಿದೆ. ತವರುಮನೆ ಇರುವುದು ಕುದೂರಿನ ಕಡೆ. ಸಾಲುಮರದ ತಿಮ್ಮಕ್ಕನವರು ಬೆಳೆಸಿದ ಆಲದ ಮರಗಳ ರಸ್ತೆಯಲ್ಲೇ ಮದುವೆಗೆ ಮುಂಚೆ ಓಡಾಡಿದ್ದಂತೆ. ಬರುವ ಭಾನುವಾರ ಮಾಗಡಿಯವನು ಹುಲಿಕಲ್ಲಿಗೆ ಹೋಗಿ ಬರಬೇಕು. ಮೊಬೈಲ್ ಅಡ್ಡ ಹಿಡಿ ಎಂದು ಹೇಳಿ ಕಳಿಸಿದ್ದೇವೆ.