ಅಧ್ಯಾಪಕನ ಕಂಠ

ಸೀಮೆಸುಣ್ಣವಿಲ್ಲದೆಯೂ ಪಾಠ ನಡೆದೀತು, ಧ್ವನಿಯಿಲ್ಲದೆ ನಡೆಯದು. ಆದರೂ ಅಧ್ಯಾಪಕರಾದ ನಾವು ಕಂಠದ ಆರೋಗ್ಯದ ಕಡೆಗೆ ಗಮನ ಕೊಡುವುದು ವಿರಳ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಪಾಠ ಹೇಳಿದವರಿಗೆ ಮಳೆಗಾಲದ ತರಗತಿಯನ್ನು ವರ್ಣಿಸಬೇಕಾಗಿಲ್ಲ. ಹುಲಿಕಲ್ಲು, ಆಗುಂಬೆಗಳ ಮಗ್ಗುಲಿನ ಈ ನಾಡಿನಲ್ಲಿ ತಗಡಿನ ಮಾಡಿನ ಮೇಲೆ ಮಳೆ ಸುರಿಯತೊಡಗಿದರೆ ಮುಂದಿನ ಸಾಲಿನ ಬಾಲಕನಿಗೂ ಮಾತು ಕೇಳಿಸದು. ಜೂನ್ ತಿಂಗಳಿನಿಂದ ಮಳೆಯೊಡನೆ ಸೆಣಸಿದ ನನ್ನ ಕಂಠ ಒಂದು ವರ್ಷ ದೀಪಾವಳಿ ಕಳೆದರೂ ತಿಳಿಯಾಗಲಿಲ್ಲ. ಬೆಳಿಗ್ಗೆ ಒಡಕು ದನಿ. ಸಂಜೆಗೆ ಬರಿಯ ಉಸಿರು. ಕಾಳುಮೆಣಸಿನ ಕಷಾಯ, ಜೇನುತುಪ್ಪ, ಕಲ್ಲುಸಕ್ಕರೆ ಎಲ್ಲವೂ ಆದವು. ವೃತ್ತಿಯನ್ನೇ ಬಿಡಬೇಕಾದೀತೆಂಬ ಅಳುಕು ಮನೆಮಂದಿಯನ್ನೆಲ್ಲ ಕಾಡಿತು. ಕಿವಿ, ಮೂಗು, ಗಂಟಲಿನ ತಜ್ಞರು ಪರೀಕ್ಷಿಸಿ, ಧ್ವನಿತಂತುಗಳ ಅಂಚಿನಲ್ಲಿ ಸಣ್ಣ ಗಂಟುಗಳೆದ್ದಿವೆ, ಧ್ವನಿಚಿಕಿತ್ಸೆಯಿಂದಲೇ ಇವು ಶಮನವಾಗುವ ಸಂಭವವಿದೆ ಎಂದು ಧೈರ್ಯ ಹೇಳಿದರು.

ಮಾತನಾಡುವಾಗ ಈ ತಂತುಗಳು ಪುರುಷರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಬಾರಿ, ಸ್ತ್ರೀಯರಲ್ಲಿ ಸುಮಾರು 200 ಬಾರಿ ಕೂಡಿ ಅಗಲುತ್ತವೆ. ಕೂಗಿದಷ್ಟೂ ಅವುಗಳ ತಾಡನ ಹೆಚ್ಚು. ಗುದ್ದಲಿ ಹಿಡಿದ ಅಂಗೈಯಂತೆ ಅವೂ ಜಡ್ಡುಗಟ್ಟುತ್ತವೆ.

ಚಿಕಿತ್ಸೆಯೆಂದರೆ ಔಷಧಿಗಿಂತ ಮಿಗಿಲಾಗಿ ಅಭ್ಯಾಸ: ಹೊಟ್ಟೆಯಿಂದ ಉಸಿರೆಳೆದು ನಿಧಾನವಾಗಿ ನುಡಿಯುವುದು, ತುಟಿ ಮುಚ್ಚಿ ಗುನುಗುವುದು, ಕೊಳವೆಯ ಮೂಲಕ ನೀರಿನಲ್ಲಿ ಗುಳ್ಳೆಯೆಬ್ಬಿಸುತ್ತ ಸ್ವರ ಹೊರಡಿಸುವುದು. ಕೆಲವು ತಿಂಗಳ ಸಾಧನೆಯಿಂದ ನನ್ನ ದನಿ ಮರಳಿತು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಚಿಕಿತ್ಸಕರನ್ನು ತರಬೇತುಗೊಳಿಸುತ್ತ ಬಂದಿದೆ.

ಕಿರಿಯ ಸಹೋದ್ಯೋಗಿಗಳ ಗಮನಕ್ಕೆ ಕೆಲವು ಮಾತುಗಳು. ಪಾಠದ ನಡುನಡುವೆ ನೀರು ಗುಟುಕರಿಸಬೇಕು. ಪದೇ ಪದೇ ಕ್ಯಾಕರಿಸುವುದು ತಂತುಗಳಿಗೆ ಪೆಟ್ಟು. ಪಿಸುಮಾತು ವಿಶ್ರಾಂತಿಯಲ್ಲ, ಮೌನವೇ ವಿಶ್ರಾಂತಿ. ತಡರಾತ್ರಿ ಉಂಡು ಕೂಡಲೇ ಮಲಗಿದರೆ ಜಠರದ ಹುಳಿ ಮೇಲೇರಿ ಗಂಟಲನ್ನು ಸುಡುತ್ತದೆ. ನಮ್ಮ ಸೀಮೆಯ ಹೊಗೆಸೊಪ್ಪಿನ ಕವಳವನ್ನು ತ್ಯಜಿಸುವುದೇ ಲೇಸು. ದನಿಯೊಡಕು ಮೂರು ವಾರ ಮೀರಿದರೆ ವೈದ್ಯರಿಗೆ ತೋರಿಸಲೇಬೇಕು. ಕೆಲವೊಮ್ಮೆ ಅದು ಕ್ಯಾನ್ಸರಿನ ಮೊದಲ ಸೂಚನೆಯೂ ಆಗಿರಬಹುದು.

ಹೆಗ್ಗೋಡಿನಲ್ಲಿ 1980ರಲ್ಲಿ ಆರಂಭವಾದ ನೀನಾಸಂ ರಂಗಶಿಕ್ಷಣ ಕೇಂದ್ರ ನಮ್ಮ ನೆರೆಯಲ್ಲಿಯೇ ಇದೆ. ನಟನಾಗುವವನಿಗೆ ಧ್ವನಿಯ ಅಭ್ಯಾಸ ಶಿಕ್ಷಣದ ಅಂಗ. ದಿನವೂ ಐದಾರು ತಾಸು ಮಾತನಾಡುವ ಅಧ್ಯಾಪಕನಿಗೂ ಅದು ದೊರೆಯಬೇಕು.

ಕೊಠಡಿಗಳನ್ನು ಕಟ್ಟಿಸಿಕೊಡುವ ಉದಾರಿಗಳಲ್ಲಿ ಒಂದು ವಿಜ್ಞಾಪನೆ. ತಗಡಿನ ಕೆಳಗೆ ಒಂದು ಮುಚ್ಚಿಗೆ ಹಾಕಿಸಿದರೆ ಮಳೆಯ ಸದ್ದು ತಗ್ಗುತ್ತದೆ. ಹಿಂದಿನ ಸಾಲಿನ ಮಗುವಿಗೂ ಪಾಠ ಕೇಳಿಸುತ್ತದೆ. ಮುಂದಿನ ಕಟ್ಟಡದ ನಕ್ಷೆಯಲ್ಲಿ ಇದಕ್ಕೊಂದು ಸ್ಥಾನ ದೊರೆಯುವುದೆಂದು ನಂಬಿದ್ದೇನೆ.