ಕ್ಷಮೆ ಕೇಳದ ಗಣಿ ಹುಡುಗ

ಇಂಗ್ಲೆಂಡಿನ ಕಲ್ಲಿದ್ದಲು ಸೀಮೆಯಲ್ಲಿ ಹಳೆಯ ಮಾತೊಂದಿದೆ. ತಂಡಕ್ಕೆ ವೇಗದ ಬೌಲರ್ ಬೇಕೆನಿಸಿದಾಗ ಗಣಿಯ ಬಾಯಲ್ಲಿ ನಿಂತು ಒಂದು ಸಿಳ್ಳೆ ಹೊಡೆದರೆ ಸಾಕಂತೆ, ಒಬ್ಬ ಮೇಲೆದ್ದು ಬರುತ್ತಾನಂತೆ. ಮಾತು ತಮಾಷೆಯದೇ ಆದರೂ ಹೆರಾಲ್ಡ್ ಲಾರ್‌ವುಡ್‌ನ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ನಾಟಿಂಗ್‌ಹ್ಯಾಮ್‌ಶೈರಿನ ನನ್‌ಕಾರ್‌ಗೇಟ್ ಎಂಬ ಸಣ್ಣ ಹಳ್ಳಿಯಲ್ಲಿ 1904ರ ನವೆಂಬರ್ 14ರಂದು ಹುಟ್ಟಿದ ಈತನ ತಂದೆ ಗಣಿ ಕಾರ್ಮಿಕ. ಹದಿನಾಲ್ಕರ ಪ್ರಾಯಕ್ಕೆ ಮಗನೂ ಗಣಿಗಿಳಿದ. ನೆಲದಡಿಯ ಕತ್ತಲಲ್ಲಿ ಕಲ್ಲಿದ್ದಲಿನ ಬಂಡಿ ಎಳೆಯುವ ಕುದುರೆಮರಿಯಂಥ ಗಿಡ್ಡ ಕುದುರೆಗಳನ್ನು ನಡೆಸುವುದು ಅವನ ಕೆಲಸ. ಶಾಲೆ ಅಲ್ಲಿಗೆ ಮುಗಿದಿತ್ತು.

ವೇಗದ ಬೌಲರ್ ಎಂದರೆ ಆರಡಿ ಮೀರಿದ ಆಳು ಎಂಬ ಎಣಿಕೆ ನಮ್ಮದು. ಲಾರ್‌ವುಡ್‌ನ ಎತ್ತರ ಸುಮಾರು ಐದಡಿ ಎಂಟಂಗುಲ, ಅಷ್ಟೆ. ಆದರೆ ಗಣಿಯ ದುಡಿಮೆ ಅವನ ಬೆನ್ನಿಗೂ ಭುಜಕ್ಕೂ ಉಕ್ಕಿನ ಕಸುವು ಕೊಟ್ಟಿತ್ತು. ಅವನು ಓಡಿ ಬರುವಾಗ ಹೆಜ್ಜೆಯ ಸದ್ದೇ ಕೇಳಿಸುತ್ತಿರಲಿಲ್ಲ ಎಂದು ಅಂಪೈರುಗಳು ಹೇಳುತ್ತಿದ್ದರಂತೆ. 1924ರಲ್ಲಿ ನಾಟಿಂಗ್‌ಹ್ಯಾಮ್‌ಶೈರ್ ಕೌಂಟಿಗೆ ಮೊದಲ ಪಂದ್ಯ, 1926ರಲ್ಲಿ ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟ್. ಇಂಗ್ಲೆಂಡಿನ ಬೌಲಿಂಗ್ ಸರಾಸರಿಯ ಪಟ್ಟಿಯಲ್ಲಿ ಐದು ಋತುಗಳಲ್ಲಿ ಅವನದೇ ಮೊದಲ ಹೆಸರು. ಪ್ರಥಮ ದರ್ಜೆಯ ಆಟದಲ್ಲಿ ಒಟ್ಟು 1427 ವಿಕೆಟ್, ತಲಾ 17.51 ರನ್ನಿಗೆ.

ಅವನ ವೇಗ ನಿಜವಾಗಿ ಎಷ್ಟಿತ್ತು? ಆ ಕಾಲದ ಅಳತೆಗಳನ್ನು ಇಂದಿನ ಯಂತ್ರದ ಅಳತೆಗಳ ಪಕ್ಕದಲ್ಲಿಡುವುದು ಸರಿಯಲ್ಲ. ಗಂಟೆಗೆ 90 ಮೈಲಿ ಎಂದು ಇಟ್ಟುಕೊಂಡರೂ ಸೆಕೆಂಡಿಗೆ ನಲವತ್ತು ಮೀಟರ್ ಆಗುತ್ತದೆ. ಪಿಚ್ಚಿನ ಉದ್ದ 22 ಗಜ. ಚೆಂಡು ಕೈಬಿಡುವ ಜಾಗಕ್ಕೂ ಬ್ಯಾಟ್ಸ್‌ಮನ್ ನಿಲ್ಲುವ ಜಾಗಕ್ಕೂ ನಡುವೆ ಉಳಿಯುವುದು ಹದಿನೆಂಟು ಮೀಟರಿಗಿಂತ ತುಸು ಕಡಿಮೆ. ಅಂದರೆ ನೋಡಿ, ತೀರ್ಮಾನಿಸಿ, ಕೈಕಾಲು ಆಡಿಸಲು ಅರ್ಧ ಸೆಕೆಂಡೂ ಇಲ್ಲ. ಕೈಬಿಟ್ಟ ಗಳಿಗೆಯಲ್ಲಿ ಆ 160 ಗ್ರಾಂ ತೂಕದ ಚೆಂಡಿನಲ್ಲಿರುವ ಚಲನ ಶಕ್ತಿ, ನಾಲ್ಕಂತಸ್ತಿನ ಮಾಳಿಗೆಯಿಂದ ಬಿದ್ದ ಒಂದು ಕಿಲೋ ಕಲ್ಲು ನೆಲ ಮುಟ್ಟುವಾಗ ಇರುವಷ್ಟು. ಗಾಳಿಯ ತಡೆಗೆ, ನೆಲಕ್ಕೆ ತಾಗಿದ್ದಕ್ಕೆ ಒಂದು ಪಾಲು ಕಳೆಯಿತೆನ್ನಿ. ಉಳಿದದ್ದೇ ಪಕ್ಕೆಲುಬಿಗೆ ಸಾಕಷ್ಟಾಯಿತು. ಆಗ ಹೆಲ್ಮೆಟ್ ಎಂಬುದೇ ಇರಲಿಲ್ಲ. ತಲೆಯ ಮೇಲಿದ್ದದ್ದು ಬಟ್ಟೆಯ ಟೋಪಿ.

ಇಷ್ಟೆಲ್ಲ ಇದ್ದೂ 1930ರಲ್ಲಿ ಡಾನ್ ಬ್ರಾಡ್ಮನ್‌ನ ಮುಂದೆ ಲಾರ್‌ವುಡ್‌ನ ಆಟ ನಡೆಯಲಿಲ್ಲ. ಇಂಗ್ಲೆಂಡಿನಲ್ಲಿ ನಡೆದ ಆ ಸರಣಿಯಲ್ಲಿ ಬ್ರಾಡ್ಮನ್ ಐದು ಟೆಸ್ಟುಗಳಿಂದ 974 ರನ್ ಹೊಡೆದ. ಲಾರ್‌ವುಡ್‌ಗೆ ಮೂರು ಟೆಸ್ಟುಗಳಲ್ಲಿ ದಕ್ಕಿದ್ದು ನಾಲ್ಕೇ ವಿಕೆಟ್. ಆದರೆ ಕೊನೆಯ ಓವಲ್ ಟೆಸ್ಟಿನಲ್ಲಿ, ಮಳೆ ನಿಂತ ಮೇಲಿನ ಪಿಚ್ಚಿನಲ್ಲಿ, ಎದೆಯ ಮಟ್ಟಕ್ಕೆ ಪುಟಿದ ಎಸೆತಗಳಿಗೆ ಬ್ರಾಡ್ಮನ್ ಅಳುಕಿದಂತೆ ಕೆಲವರ ಕಣ್ಣಿಗೆ ಕಂಡಿತು. ಅಂದು ಅವನು 232 ಹೊಡೆದಿದ್ದ ಎಂಬುದನ್ನೂ ಮರೆಯಬಾರದು. ಆದರೂ ಆ ಅಳುಕನ್ನು ಗಂಟುಕಟ್ಟಿಟ್ಟುಕೊಂಡವನು ಡಗ್ಲಸ್ ಜಾರ್ಡಿನ್.

ಜಾರ್ಡಿನ್ ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ. ಓದಿದ್ದು ವಿಂಚೆಸ್ಟರ್ ಶಾಲೆ ಮತ್ತು ಆಕ್ಸ್‌ಫರ್ಡ್‌ನಲ್ಲಿ. ಅವನು ಹವ್ಯಾಸಿ ಆಟಗಾರ, ಎಂದರೆ ಸಂಬಳಕ್ಕಾಗಿ ಆಡದ 'ಜಂಟಲ್‌ಮನ್'. ಲಾರ್‌ವುಡ್ ವೃತ್ತಿಪರ, ಎಂದರೆ ಕೂಲಿಗೆ ಆಡುವವನು. ಈ ಎರಡು ಜಾತಿಗಳ ನಡುವಿನ ಅಂತರ ಈಗಿನ ಓದುಗರಿಗೆ ಅರ್ಥವಾಗುವುದು ಕಷ್ಟ. ಎಷ್ಟೋ ಮೈದಾನಗಳಲ್ಲಿ ಬಟ್ಟೆ ಬದಲಿಸುವ ಕೋಣೆ ಬೇರೆ, ಅಂಗಳಕ್ಕಿಳಿಯುವ ಗೇಟು ಬೇರೆ. ಸ್ಕೋರ್ ಕಾರ್ಡಿನಲ್ಲಿ ಹವ್ಯಾಸಿಯ ಇನಿಷಿಯಲ್ ಹೆಸರಿನ ಮುಂದೆ, ವೃತ್ತಿಪರನದು ಹೆಸರಿನ ಹಿಂದೆ. ಒಂದೇ ತಂಡ, ಒಂದೇ ಟೋಪಿ, ಆದರೆ ಪಂಕ್ತಿ ಮಾತ್ರ ಎರಡು. ಪಂಕ್ತಿಭೇದದ ವಿಷಯದಲ್ಲಿ ನಾವೇ ಮುಂದು ಎಂದುಕೊಳ್ಳುವವರು ಇದನ್ನೊಮ್ಮೆ ನೋಡಬೇಕು. ಆ ಪದ್ಧತಿ ಪೂರ್ತಿ ಹೋದದ್ದು 1962ರ ಕೊನೆಯಲ್ಲಿ.

1932ರ ಬೇಸಿಗೆಯಲ್ಲಿ ಲಂಡನ್ನಿನ ಪಿಕಡಿಲಿ ಹೋಟೆಲಿನಲ್ಲಿ ಒಂದು ರಾತ್ರಿ ಊಟಕ್ಕೆ ನಾಲ್ವರು ಕೂತರು. ಜಾರ್ಡಿನ್, ನಾಟಿಂಗ್‌ಹ್ಯಾಮ್‌ಶೈರಿನ ನಾಯಕ ಆರ್ಥರ್ ಕಾರ್, ಲಾರ್‌ವುಡ್ ಮತ್ತು ಅವನಂತೆಯೇ ಗಣಿಯಿಂದ ಬಂದ ಎಡಗೈ ಬೌಲರ್ ಬಿಲ್ ವೋಸ್. ಬ್ರಾಡ್ಮನ್‌ನನ್ನು ಕಟ್ಟಿಹಾಕುವ ಉಪಾಯ ಅಲ್ಲಿ ಚರ್ಚೆಯಾಯಿತು. ಉಪಾಯ ಸರಳ: ಚೆಂಡು ಗಿಡ್ಡವಾಗಿ ಬಿದ್ದು ಪಕ್ಕೆಲುಬು, ಭುಜ, ತಲೆಯತ್ತ ಏಳಬೇಕು. ಲೆಗ್ ಬದಿಯಲ್ಲಿ ಐದಾರು ಫೀಲ್ಡರುಗಳು ಬಲೆ ಹರಡಿ ಕಾಯಬೇಕು. ಬ್ಯಾಟ್ಸ್‌ಮನ್ ಮೈ ಉಳಿಸಿಕೊಳ್ಳಲು ಬ್ಯಾಟ್ ಅಡ್ಡ ಹಿಡಿದರೆ ಹತ್ತಿರದವನಿಗೆ ಕ್ಯಾಚು. ಎತ್ತಿ ಹೊಡೆದರೆ ದೂರ ನಿಂತವನಿಗೆ ಕ್ಯಾಚು. ಸುಮ್ಮನೆ ನಿಂತರೆ ಪೆಟ್ಟು. ಇದಕ್ಕೆ ಬೇಕಾದದ್ದು ವೇಗವೊಂದೇ ಅಲ್ಲ, ಇಟ್ಟ ಜಾಗಕ್ಕೇ ಚೆಂಡು ಹಾಕುವ ಗುರಿ. ಎರಡೂ ಒಟ್ಟಿಗಿದ್ದದ್ದು ಲಾರ್‌ವುಡ್ ಒಬ್ಬನಲ್ಲೇ. ಅವನಿಲ್ಲದಿದ್ದರೆ ಜಾರ್ಡಿನ್‌ನ ಉಪಾಯ ಕಾಗದದ ಮೇಲೇ ಉಳಿಯುತ್ತಿತ್ತು.

ತಂಡ 'ಒರಾಂಟಿಸ್' ಎಂಬ ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಹೋಯಿತು. ಸಿಡ್ನಿಯ ಮೊದಲ ಟೆಸ್ಟಿನಲ್ಲಿ ಬ್ರಾಡ್ಮನ್ ಆಡಲಿಲ್ಲ. ಸ್ಟ್ಯಾನ್ ಮೆಕೇಬ್ ಎದೆಗಾರಿಕೆಯಿಂದ 187 ಹೊಡೆದು ಔಟಾಗದೆ ಉಳಿದ. ಆದರೂ ಲಾರ್‌ವುಡ್ ಹತ್ತು ವಿಕೆಟ್ ಕಿತ್ತ, ಇಂಗ್ಲೆಂಡ್ ಗೆದ್ದಿತು. ಮೆಲ್ಬರ್ನ್‌ನಲ್ಲಿ ಬ್ರಾಡ್ಮನ್ ಶತಕದೊಂದಿಗೆ ಆಸ್ಟ್ರೇಲಿಯ ತಿರುಗಿ ಹೊಡೆಯಿತು. ಜಗಳ ಹತ್ತಿ ಉರಿದದ್ದು 1933ರ ಜನವರಿಯಲ್ಲಿ, ಅಡಿಲೇಡ್‌ನ ಮೂರನೆಯ ಟೆಸ್ಟಿನಲ್ಲಿ.

ಆ ಶನಿವಾರ ಮೈದಾನದಲ್ಲಿ ಐವತ್ತು ಸಾವಿರ ಜನ. ಲಾರ್‌ವುಡ್‌ನ ಎಸೆತವೊಂದು ಆಸ್ಟ್ರೇಲಿಯದ ನಾಯಕ ಬಿಲ್ ವುಡ್‌ಫುಲ್‌ನ ಎದೆಗೆ, ಹೃದಯದ ಮೇಲೆ ಬಡಿಯಿತು. ಬ್ಯಾಟ್ ಕೈಜಾರಿತು, ಮನುಷ್ಯ ಎದೆ ಹಿಡಿದುಕೊಂಡು ಬಾಗಿದ. ಮೈದಾನ ಕೂಗಾಡುತ್ತಿರುವಾಗ ಜಾರ್ಡಿನ್ ಎಲ್ಲರಿಗೂ ಕೇಳುವಂತೆ 'ಚೆನ್ನಾಗಿ ಹಾಕಿದೆ, ಹೆರಾಲ್ಡ್' ಎಂದ. ಆ ಮಾತು ಲಾರ್‌ವುಡ್‌ಗಲ್ಲ, ಎದುರು ತುದಿಯಲ್ಲಿದ್ದ ಬ್ರಾಡ್ಮನ್‌ಗೆ. ಇಲ್ಲೊಂದು ಸಂಗತಿ ಹಲವರಿಗೆ ತಿಳಿಯದು. ವುಡ್‌ಫುಲ್‌ಗೆ ಪೆಟ್ಟು ಬಿದ್ದಾಗ ಫೀಲ್ಡಿಂಗ್ ಎಂದಿನ ರೀತಿಯದೇ ಇತ್ತು. ಲೆಗ್ ಬದಿಯ ಬಲೆ ಹರಡಿರಲಿಲ್ಲ. ಪೆಟ್ಟು ತಿಂದವನು ಸಾವರಿಸಿಕೊಂಡು ಮತ್ತೆ ಲಾರ್‌ವುಡ್‌ನನ್ನು ಎದುರಿಸಲು ನಿಂತಾಗ ಜಾರ್ಡಿನ್ ಕೈಸನ್ನೆ ಮಾಡಿ ಫೀಲ್ಡರುಗಳನ್ನು ಲೆಗ್ ಬದಿಗೆ ಕಳಿಸಿದ. ಪೆಟ್ಟಿಗಿಂತ ಆ ಕೈಸನ್ನೆಯೇ ಹೆಚ್ಚು ಕ್ರೂರ. ಸನ್ನೆ ಮಾಡಿದ್ದು ನಾಯಕ, ಜನ ಬೈದದ್ದು ಬೌಲರನ್ನು.

ಮುಂದೆ ಬರ್ಟ್ ಓಲ್ಡ್‌ಫೀಲ್ಡ್‌ನ ತಲೆಬುರುಡೆ ಬಿರುಕು ಬಿಟ್ಟಿತು. ಅದೂ ಎಂದಿನ ಫೀಲ್ಡಿಂಗಿಗೇ ಹಾಕಿದ ಚೆಂಡು. ತಪ್ಪು ತನ್ನದೇ, ಲಾರ್‌ವುಡ್‌ನದಲ್ಲ ಎಂದು ಸ್ವತಃ ಓಲ್ಡ್‌ಫೀಲ್ಡ್ ಹೇಳಿದ. ಯಾರೂ ಕಿವಿಗೊಡಲಿಲ್ಲ. ಮೈದಾನದಲ್ಲಿ ಎರಡು ತಂಡಗಳಿವೆ, ಒಂದು ಮಾತ್ರ ಕ್ರಿಕೆಟ್ ಆಡುತ್ತಿದೆ ಎಂದು ಇಂಗ್ಲೆಂಡಿನ ಮ್ಯಾನೇಜರ್ ಪೆಲಂ ವಾರ್ನರ್‌ರಿಗೆ ವುಡ್‌ಫುಲ್ ಹೇಳಿದ್ದು ಪತ್ರಿಕೆಗಳಿಗೆ ಸೋರಿತು. ಆಸ್ಟ್ರೇಲಿಯದ ಮಂಡಳಿ ಇದು ಕ್ರೀಡಾಧರ್ಮಕ್ಕೆ ವಿರುದ್ಧ ಎಂದು ಲಂಡನ್ನಿಗೆ ತಂತಿ ಕಳಿಸಿತು. ಎಂ.ಸಿ.ಸಿ. ಕೆರಳಿ, ಬೇಕಾದರೆ ಪ್ರವಾಸವನ್ನೇ ನಿಲ್ಲಿಸಿ ಎಂದು ಮರುತಂತಿ ಕಳಿಸಿತು. ಆ ತಂತಿ ಬರೆದವರಾರೂ ಆ ಬೌಲಿಂಗನ್ನು ಕಣ್ಣಾರೆ ಕಂಡಿರಲಿಲ್ಲ.

ಅದೇ ತಂಡದಲ್ಲಿ ಬೇಡ ಎಂದವರೂ ಇದ್ದರು. ಗಬ್ಬಿ ಆಲನ್ ಒಳ್ಳೆಯ ವೇಗದ ಬೌಲರ್. ಈ ತರಹ ಬೌಲ್ ಮಾಡುವುದಿಲ್ಲ ಎಂದು ನಾಯಕನ ಮುಖಕ್ಕೇ ಹೇಳಿದ. ಪಟೌಡಿಯ ನವಾಬರು, ಇಫ್ತಿಕಾರ್ ಅಲಿ ಖಾನ್, ಮೊದಲ ಟೆಸ್ಟಿನಲ್ಲೇ ಶತಕ ಹೊಡೆದವರು. ಲೆಗ್ ಬದಿಯ ಬಲೆಯಲ್ಲಿ ನಿಲ್ಲಲು ಒಪ್ಪಲಿಲ್ಲ. ನವಾಬರಿಗೆ ಆತ್ಮಸಾಕ್ಷಿಯ ತೊಂದರೆ ಇದೆಯೆಂದು ಜಾರ್ಡಿನ್ ಕುಟುಕಿದ. ಎರಡನೆಯ ಟೆಸ್ಟಿನ ಮೇಲೆ ಅವರಿಗೆ ಆ ಸರಣಿಯಲ್ಲಿ ಜಾಗವಿರಲಿಲ್ಲ. 1946ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದ ನಾಯಕರು ಇವರೇ. ಆಲನ್‌ನಂತೂ ಮುಂದೆ ಇಂಗ್ಲೆಂಡಿನ ನಾಯಕನೇ ಆದ. ಇಬ್ಬರ ನಿಲುವೂ ಮೆಚ್ಚತಕ್ಕದ್ದೇ. ಆದರೆ ಇಬ್ಬರೂ ಹವ್ಯಾಸಿಗಳು, ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲದವರು. ಗಣಿಯಿಂದ ಬಂದ ಲಾರ್‌ವುಡ್ ಹಾಗೆಯೇ ಬೇಡ ಎಂದಿದ್ದರೆ? ಹಿಂದಕ್ಕೆ ಹೋಗಲು ಅವನಿಗಿದ್ದದ್ದು ಗಣಿಯೊಂದೇ.

ಹಾಗೆಂದು ಅವನನ್ನು ಏನೂ ಅರಿಯದ ಹಸುಗೂಸು ಮಾಡುವುದೂ ತಪ್ಪು. ತಾನೇನು ಮಾಡುತ್ತಿದ್ದೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬ್ಯಾಟ್ಸ್‌ಮನ್ ಹೆದರಬೇಕೆಂಬುದೇ ಅವನ ಉದ್ದೇಶವಾಗಿತ್ತು. ಜಾರ್ಡಿನ್‌ನ ಮೇಲೆ ಅವನಿಗಿದ್ದದ್ದು ಭಯವಲ್ಲ, ಗೌರವ. ಅದು ಕೊನೆಯವರೆಗೂ ಉಳಿಯಿತು. ಆಜ್ಞೆಯನ್ನು ಮನಸ್ಸೊಪ್ಪಿಯೇ ಪಾಲಿಸಿದ. ಆದರೂ ಆಜ್ಞೆ ಆಜ್ಞೆಯೇ.

ಸರಣಿಯನ್ನು ಇಂಗ್ಲೆಂಡ್ 4-1ರಿಂದ ಗೆದ್ದಿತು. ಲಾರ್‌ವುಡ್‌ಗೆ 33 ವಿಕೆಟ್. ಬ್ರಾಡ್ಮನ್‌ನನ್ನು ನಾಲ್ಕು ಸಲ ಕೆಡವಿದ. ಬ್ರಾಡ್ಮನ್‌ನ ಸರಾಸರಿ 56.57ಕ್ಕೆ ಇಳಿಯಿತು. ಬೇರೆ ಯಾರಿಗಾದರೂ ಅದು ಹಬ್ಬದಂಥ ಸರಾಸರಿ, ಅವನಿಗೆ ಸೋಲು. ಸಿಡ್ನಿಯ ಕೊನೆಯ ಟೆಸ್ಟಿನಲ್ಲಿ ದಿನದಾಟದ ಕೊನೆಗೆ ಲಾರ್‌ವುಡ್‌ನನ್ನು ಬ್ಯಾಟಿಂಗಿಗೆ ಕಳಿಸಿದರು. ಬೌಲಿಂಗ್ ಮಾಡಿ ದಣಿದಿದ್ದವನು ಸಿಟ್ಟಿನಲ್ಲೇ ಹೋದ, ಮರುದಿನ 98ರವರೆಗೆ ಹೊಡೆದ. ಕ್ಯಾಚು ಹಿಡಿದವನು ಬರ್ಟ್ ಐರನ್‌ಮಂಗರ್, ಕೈಗೆ ಬಂದದ್ದನ್ನೂ ಬಿಡುತ್ತಾನೆಂದು ಹೆಸರಾದವನು. ತಿಂಗಳಿಂದ ಬೈದ ಅದೇ ಜನ ಎದ್ದು ಚಪ್ಪಾಳೆ ತಟ್ಟಿದರು.

ಅದೇ ಪಂದ್ಯದ ಎರಡನೆಯ ಇನಿಂಗ್ಸಿನಲ್ಲಿ ಅವನ ಎಡಗಾಲಿನ ಮೂಳೆ ಮುರಿಯಿತು. ವೇಗದ ಬೌಲರ್ ಚೆಂಡು ಬಿಡುವಾಗ ಮುಂಗಾಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಹೊರೆ ಬೀಳುತ್ತದೆ. ಆ ವರ್ಷದ ಕಲ್ಲಿನಂಥ ಅಂಗಳಗಳಲ್ಲಿ ಅದು ಸಾವಿರಾರು ಸಲ ಬಿದ್ದಿತ್ತು. ನೋವಿನಲ್ಲಿ ಹೊರಡುತ್ತೇನೆಂದವನನ್ನು ಜಾರ್ಡಿನ್ ಬಿಡಲಿಲ್ಲ. ಬ್ರಾಡ್ಮನ್ ಔಟಾಗುವವರೆಗೆ ಅಂಗಳದಲ್ಲೇ ನಿಲ್ಲು ಎಂದ. ಬ್ರಾಡ್ಮನ್ ಔಟಾದ ಮೇಲೆ ಒಬ್ಬ ಕುಂಟುತ್ತ, ಒಬ್ಬ ಬ್ಯಾಟ್ ಹಿಡಿದು, ಇಬ್ಬರೂ ಒಟ್ಟಿಗೆ ಹೊರನಡೆದರು. ಮಾತಿಲ್ಲ. ಲಾರ್‌ವುಡ್ ಇಂಗ್ಲೆಂಡಿಗಾಗಿ ಆಡಿದ ಕೊನೆಯ ಟೆಸ್ಟ್ ಅದು. ಆಗ ಅವನಿಗೆ ಇಪ್ಪತ್ತೆಂಟು ವರ್ಷ. ಒಟ್ಟು 21 ಟೆಸ್ಟ್, 78 ವಿಕೆಟ್.

1933ರ ಬೇಸಿಗೆಯಲ್ಲಿ ವೆಸ್ಟ್ ಇಂಡೀಸಿನ ಕಾನ್‌ಸ್ಟಂಟೈನ್ ಮತ್ತು ಮಾರ್ಟಿನ್‌ಡೇಲ್ ಇದೇ ಬೌಲಿಂಗನ್ನು ಇಂಗ್ಲೆಂಡಿನ ನೆಲದಲ್ಲಿ ಇಂಗ್ಲೆಂಡಿನವರ ಮೈಮೇಲೇ ಮಾಡಿ ತೋರಿಸಿದರು. ಜಾರ್ಡಿನ್ ಅಂಜದೆ 127 ಹೊಡೆದ, ಅದನ್ನು ಒಪ್ಪಬೇಕು. ಆದರೆ ಲಂಡನ್ನಿನ ದೊಡ್ಡವರಿಗೆ ಈಗ ಕಣ್ಣು ತೆರೆಯಿತು. ಅಷ್ಟರಲ್ಲಿ 1934ರ ಆಸ್ಟ್ರೇಲಿಯ ತಂಡ ಬರುವ ಹೊತ್ತು. ಸಂಬಂಧ ಸರಿಮಾಡಿಕೊಳ್ಳಬೇಕಿತ್ತು. ಅದಕ್ಕೊಂದು ತಲೆ ಬೇಕಿತ್ತು.

ನಾಟಿಂಗ್‌ಹ್ಯಾಮ್‌ಶೈರಿನ ಅಧ್ಯಕ್ಷ ಸರ್ ಜೂಲಿಯನ್ ಕಾನ್ ಲಾರ್‌ವುಡ್‌ನನ್ನು ಕರೆಸಿ, ಆಸ್ಟ್ರೇಲಿಯದಲ್ಲಿ ಮಾಡಿದ ಬೌಲಿಂಗಿಗಾಗಿ ಎಂ.ಸಿ.ಸಿ.ಯ ಕ್ಷಮೆ ಕೇಳಬೇಕು, ಹಾಗಾದರೆ ಮತ್ತೆ ಟೆಸ್ಟಿಗೆ ಆರಿಸುತ್ತಾರೆ ಎಂದರು. ಲಾರ್‌ವುಡ್‌ನ ಉತ್ತರ ಸಣ್ಣದು. ನಾಯಕ ಹೇಳಿದಂತೆ ಮಾಡಿದ್ದೇನೆ, ಕ್ಷಮೆ ಕೇಳುವಂಥದ್ದೇನೂ ಇಲ್ಲ. ಒಂದು ಕಾಗದಕ್ಕೆ ರುಜು ಹಾಕಿದ್ದರೆ ಆಗುತ್ತಿತ್ತು. ಹೊಟ್ಟೆಪಾಡಿಗೆ ಆಡುವವನು, ಸಂಸಾರವಂದಿಗ. ರುಜು ಹಾಕಿದ್ದರೂ ಯಾರೂ ತಪ್ಪೆಣಿಸುತ್ತಿರಲಿಲ್ಲ. ಹಾಕಲಿಲ್ಲ. ಅದರ ಮೇಲೆ ಪತ್ರಿಕೆಯೊಂದರಲ್ಲಿ ತನ್ನ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಬಿಟ್ಟ. ಬಾಗಿಲು ಮುಚ್ಚಿಕೊಂಡಿತು. ಆಜ್ಞೆ ಕೊಟ್ಟ ಜಾರ್ಡಿನ್‌ನನ್ನು ಮಾತ್ರ ಅದೇ ದೊಡ್ಡವರು 1933-34ರಲ್ಲಿ ಭಾರತ ಪ್ರವಾಸದ ನಾಯಕನಾಗಿ ಕಳಿಸಿದ್ದರು. ಆಮೇಲೆ ಅವನು ತಾನೇ ಟೆಸ್ಟ್ ಆಟದಿಂದ ಸರಿದ.

ಕೌಂಟಿಗಾಗಿ 1938ರವರೆಗೆ ಆಡಿ ಲಾರ್‌ವುಡ್ ನಿಲ್ಲಿಸಿದ. ಯುದ್ಧ ಮುಗಿದ ಮೇಲೆ ಬ್ಲ್ಯಾಕ್‌ಪೂಲ್ ಎಂಬ ಕಡಲತೀರದ ಊರಿನಲ್ಲಿ ಮಿಠಾಯಿ ಅಂಗಡಿ ಇಟ್ಟ. ಅಂಗಡಿಯ ಮೇಲೆ ತನ್ನ ಹೆಸರು ಬರೆಸಲಿಲ್ಲ. 1948ರಲ್ಲಿ ಅವನನ್ನು ಹುಡುಕಿಕೊಂಡು ಹೋದವನು ಜ್ಯಾಕ್ ಫಿಂಗಲ್ಟನ್. ಆ ಸರಣಿಯಲ್ಲಿ ಲಾರ್‌ವುಡ್‌ನ ಚೆಂಡುಗಳನ್ನು ಮೈಮೇಲೆ ತೆಗೆದುಕೊಂಡಿದ್ದ ಆಸ್ಟ್ರೇಲಿಯದ ಆರಂಭಿಕ ಆಟಗಾರ, ಆಗ ಪತ್ರಕರ್ತನಾಗಿದ್ದ. ಇಲ್ಲೇನು ಮಾಡುತ್ತೀಯ, ನಮ್ಮ ದೇಶಕ್ಕೆ ಬಾ ಎಂದ. ಎಂ.ಸಿ.ಸಿ. 1949ರಲ್ಲಿ ಇಪ್ಪತ್ತಾರು ಹಳೆಯ ವೃತ್ತಿಪರರಿಗೆ ಗೌರವ ಸದಸ್ಯತ್ವ ಕೊಟ್ಟಾಗ ಲಾರ್‌ವುಡ್‌ನ ಹೆಸರೂ ಅದರಲ್ಲಿತ್ತು. ಅಷ್ಟು ಹೊತ್ತಿಗೆ ಅವನ ಮನಸ್ಸು ಹೊರಟಾಗಿತ್ತು.

1950ರಲ್ಲಿ ಹೆಂಡತಿ ಲೋಯಿಸ್ ಮತ್ತು ಐವರು ಹೆಣ್ಣುಮಕ್ಕಳೊಡನೆ ಲಾರ್‌ವುಡ್ ಹಡಗು ಹತ್ತಿದ. ಹಡಗು ಯಾವುದೆಂದರೆ ಅದೇ 'ಒರಾಂಟಿಸ್'. ಹದಿನೆಂಟು ವರ್ಷದ ಹಿಂದೆ ಆಸ್ಟ್ರೇಲಿಯ ಕೂಗಿ ಅಟ್ಟಿದವನನ್ನು ಈ ಸಲ ಕೈಹಿಡಿದು ಇಳಿಸಿಕೊಂಡಿತು. ಸಿಡ್ನಿಯಲ್ಲಿ ಮನೆ ಸಿಗುವವರೆಗೆ ಏಳು ಜನರ ಸಂಸಾರ ಹೋಟೆಲಿನಲ್ಲಿ ಉಳಿದಾಗ ಬಿಲ್ಲಿನ ಅರ್ಧವನ್ನು ಸದ್ದಿಲ್ಲದೆ ಕಟ್ಟಿದವರು ಮಾಜಿ ಪ್ರಧಾನಿ ಬೆನ್ ಚಿಫ್ಲಿ. ಚಿಫ್ಲಿಯವರೂ ಒಂದು ಕಾಲಕ್ಕೆ ರೈಲು ಎಂಜಿನ್ ಓಡಿಸಿದವರು. ಇಬ್ಬರು ಭೇಟಿಯಾದಾಗ ಒಬ್ಬರ ಇಂಗ್ಲಿಷ್ ಒಬ್ಬರಿಗೆ ತಿಳಿಯದೆ ಫಿಂಗಲ್ಟನ್ ನಡುವೆ ಕೂತು ಅರ್ಥ ಹೇಳಬೇಕಾಯಿತಂತೆ.

ಸಿಡ್ನಿಯ ಕಿಂಗ್ಸ್‌ಫರ್ಡ್ ಬಡಾವಣೆಯ ಸಣ್ಣ ಮನೆಯಲ್ಲಿ ಲಾರ್‌ವುಡ್ ನಲವತ್ತಕ್ಕೂ ಹೆಚ್ಚು ವರ್ಷ ಬಾಳಿದ. ತಂಪುಪಾನೀಯದ ಕಂಪನಿಯೊಂದರಲ್ಲಿ ದುಡಿದ. ಆಟದ ನಿಯಮ ಅಷ್ಟರಲ್ಲಿ ಬದಲಾಗಿ, ಲೆಗ್ ಬದಿಯಲ್ಲಿ ಬ್ಯಾಟ್ಸ್‌ಮನ್‌ನ ಬೆನ್ನ ಹಿಂದೆ ಇಬ್ಬರಿಗಿಂತ ಹೆಚ್ಚು ಫೀಲ್ಡರುಗಳು ನಿಲ್ಲುವಂತಿಲ್ಲ ಎಂದಾಗಿತ್ತು. 1977ರಲ್ಲಿ ಮೆಲ್ಬರ್ನ್‌ನ ಶತಮಾನೋತ್ಸವ ಟೆಸ್ಟಿಗೆ ಅವನನ್ನೂ ವೋಸ್‌ನನ್ನೂ ಕರೆದರು. ಇಂಗ್ಲೆಂಡಿನ ಸರ್ಕಾರ ಎಂ.ಬಿ.ಇ. ಪದವಿ ಕೊಟ್ಟದ್ದು 1993ರಲ್ಲಿ, ಅಡಿಲೇಡ್ ಕಳೆದು ಸರಿಯಾಗಿ ಅರವತ್ತು ವರ್ಷಕ್ಕೆ. ಆಗ ಅವನಿಗೆ ಎಂಬತ್ತೆಂಟು, ಕಣ್ಣು ಮಂಜಾಗಿತ್ತು. 1995ರ ಜುಲೈ 22ರಂದು ಸಿಡ್ನಿಯಲ್ಲೇ ತೀರಿಕೊಂಡ. ಮನೆಗೆ ಬಂದವರಿಗೆ ಅವನು ತೋರಿಸುತ್ತಿದ್ದ ವಸ್ತುಗಳಲ್ಲಿ ಒಂದು ಬೆಳ್ಳಿಯ ಬೂದಿಬಟ್ಟಲಿತ್ತು. ಆ್ಯಷಸ್ ಗೆದ್ದುಕೊಟ್ಟದ್ದಕ್ಕೆ ಕೃತಜ್ಞನಾದ ನಾಯಕನಿಂದ ಎಂಬರ್ಥದ ಸಾಲು ಕೆತ್ತಿಸಿ ಜಾರ್ಡಿನ್ ಕೊಟ್ಟದ್ದು.